27 ಪೌಂಡ್‌ನ ಮೊದಲ ಗಿಗ್: ಆರ್ಕ್ಟಿಕ್ ಮಂಕೀಸ್ ಹತ್ತಿದ ಏಣಿಗೆ ಈಗ ಏನಾಗುತ್ತಿದೆ?

2025ರ ಜೂನ್ 27ರ ರಾತ್ರಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಲೆಡ್‌ಮಿಲ್ ಎಂಬ ಸಂಗೀತ ಸಭಾಂಗಣದಲ್ಲಿ ಕೊನೆಯ ಕಾರ್ಯಕ್ರಮ ನಡೆಯಿತು. ಹಳೇ ಹಿಟ್ಟಿನ ಗಿರಣಿಯೊಂದರಲ್ಲಿ 1980ರಲ್ಲಿ ಶುರುವಾದ ಜಾಗ ಅದು. 45 ವರ್ಷ ನಡೆಸಿದವರು ನ್ಯಾಯಾಲಯದಲ್ಲಿ ಸೋತು, ಬೀಗದ ಕೈ ಕೊಟ್ಟು ಹೊರಬರಬೇಕಾಯಿತು. ಅದಾಗಿ ಒಂದೇ ವಾರಕ್ಕೆ, ಜುಲೈ 4ರಂದು, ಕಾರ್ಡಿಫ್‌ನ ಕ್ರೀಡಾಂಗಣದಲ್ಲಿ ಒಯಾಸಿಸ್ ಬ್ಯಾಂಡ್ ಸುಮಾರು 16 ವರ್ಷಗಳ ಬಳಿಕ ಮತ್ತೆ ವೇದಿಕೆ ಹತ್ತಿತು. ಅದರ ಟಿಕೆಟ್‌ಗೆ ಲಕ್ಷಾಂತರ ಜನ ಆನ್‌ಲೈನ್ ಸರದಿಯಲ್ಲಿ ಗಂಟೆಗಟ್ಟಲೆ ಕಾದಿದ್ದರು. ಬೇಡಿಕೆ ನೋಡಿ ಬೆಲೆ ಏರಿಸಿದ್ದು ಸಂಸತ್ತಿನವರೆಗೂ ಚರ್ಚೆಯಾಗಿತ್ತು.

ಇದೇ ಹೊತ್ತಿಗೆ ಮೂರನೆಯ ಸುದ್ದಿ: ದೊಡ್ಡ ಕಾರ್ಯಕ್ರಮಗಳ ಪ್ರತಿ ಟಿಕೆಟ್‌ನಿಂದ 1 ಪೌಂಡ್ ತೆಗೆದು ಸಣ್ಣ ಸಭಾಂಗಣಗಳಿಗೆ ಕೊಡಿ ಎಂದು ಬ್ರಿಟನ್ ಸರ್ಕಾರವೇ ಸಂಗೀತ ಉದ್ಯಮಕ್ಕೆ ಹೇಳುತ್ತಿದೆ.

ಮೂರನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಸಂಗೀತಕ್ಕೆ ಜನ ಬರುತ್ತಿದ್ದಾರೋ ಇಲ್ಲವೋ? ದುಡ್ಡು ಹೊಳೆಯಂತೆ ಹರಿಯುವ ಉದ್ಯಮಕ್ಕೆ ಕಾಣಿಕೆ ಡಬ್ಬಿ ಏಕೆ? ಅಂಕಿ ಅಂಶಗಳಿಗಿಂತ ಒಂದು ಬ್ಯಾಂಡಿನ ಬದುಕನ್ನು ಹಿಡಿದು ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಶೆಫೀಲ್ಡಿನದೇ ಆರ್ಕ್ಟಿಕ್ ಮಂಕೀಸ್ ಅದಕ್ಕೆ ಸರಿಯಾದ ಉದಾಹರಣೆ. ರೀಲ್ಸ್‌ನ ಹಿನ್ನೆಲೆಯಲ್ಲಿ ಅವರ ಒಂದು ನಿಧಾನಗತಿಯ ಹಾಡು ಕೇಳಿಯೂ ಹೆಸರು ಗೊತ್ತಿಲ್ಲದವರು ನಮ್ಮಲ್ಲೂ ಇದ್ದಾರು.

ಹೈ ಗ್ರೀನ್‌ನ ಹುಡುಗರು

ಶೆಫೀಲ್ಡ್ ಒಂದು ಕಾಲದ ಉಕ್ಕಿನ ನಗರ. ಅದರ ಉತ್ತರದ ಅಂಚಿಗೆ ಹೈ ಗ್ರೀನ್ ಎಂಬ ಬಡಾವಣೆ. ಅಲೆಕ್ಸ್ ಟರ್ನರ್ ಮತ್ತು ಜೇಮಿ ಕುಕ್ ಅಕ್ಕಪಕ್ಕದ ಮನೆಯವರು. 2001ರ ಕ್ರಿಸ್‌ಮಸ್‌ಗೆ ಇಬ್ಬರ ಮನೆಯಲ್ಲೂ ಗಿಟಾರ್ ಉಡುಗೊರೆ ಬಂತು. ಮರುವರ್ಷ ಬ್ಯಾಂಡ್ ಕಟ್ಟಿದಾಗ ಆಂಡಿ ನಿಕೋಲ್ಸನ್ ಬಾಸ್ ಹಿಡಿದ. ಮ್ಯಾಟ್ ಹೆಲ್ಡರ್ಸ್ ಪಾಲಿಗೆ ಡ್ರಮ್ಸ್ ಬಂದದ್ದು ಬೇರೆ ವಾದ್ಯ ಯಾವುದೂ ಉಳಿದಿರಲಿಲ್ಲ ಎಂಬ ಕಾರಣಕ್ಕೆ. ಟರ್ನರ್‌ಗೂ ಹೆಲ್ಡರ್ಸ್‌ಗೂ ಆಗ 16 ವರ್ಷ. ಈಗ ಹೆಲ್ಡರ್ಸ್ ತನ್ನ ತಲೆಮಾರಿನ ಒಳ್ಳೆಯ ಡ್ರಮ್ಮರ್‌ಗಳಲ್ಲಿ ಒಬ್ಬ ಅನ್ನಿಸಿಕೊಂಡಿದ್ದಾನೆ.

ತಿಂಗಳುಗಟ್ಟಲೆ ತಾಲೀಮಾದ ಮೇಲೆ, 2003ರ ಜೂನ್ 13ರಂದು, ಶೆಫೀಲ್ಡ್ ನಗರದೊಳಗಿನ ಟ್ರಿಪೆಟ್ ಲೇನ್ ಎಂಬ ಬೀದಿಯ ‘ದ ಗ್ರೇಪ್ಸ್’ ಪಬ್ಬಿನಲ್ಲಿ ಮೊದಲ ಗಿಗ್, ಅಂದರೆ ಸಂಗೀತ ಕಾರ್ಯಕ್ರಮ. ಬಹುಪಾಲು ಬೇರೆಯವರ ಹಾಡುಗಳು, ನಡುವೆ ಕೆಲವು ತಮ್ಮವೇ. ಟಿಕೆಟ್ ಮಾರಾಟದಿಂದ ಕೈಗೆ ಬಂದದ್ದು 27 ಪೌಂಡ್. ನಾಲ್ವರು ಹಂಚಿಕೊಂಡರೆ ತಲೆಗೆ ಏಳು ಪೌಂಡ್‌ಗೂ ಕಡಿಮೆ.

ಈ ಮೊತ್ತ ಓದಿ ನಗು ಬರಬಹುದು, ಆದರೆ ಮುಂದಿನ ವಾದಕ್ಕೆಲ್ಲ ಇದೇ ತಳಪಾಯ. ಯಾರೆಂದು ಗೊತ್ತಿಲ್ಲದ ನಾಲ್ಕು ಹುಡುಗರಿಗೆ ಒಬ್ಬ ಪಬ್ ಮಾಲೀಕ ಒಂದು ಸಂಜೆ ಜಾಗ ಬಿಟ್ಟುಕೊಟ್ಟ. ಅವರು ಕೆಟ್ಟದಾಗಿ ನುಡಿಸಿದ್ದರೂ ಯಾರ ಮನೆಯೂ ಮುಳುಗುತ್ತಿರಲಿಲ್ಲ. ಅಷ್ಟು ಅಗ್ಗವಾಗಿ ಸೋಲುವ ಅವಕಾಶ ಅಲ್ಲಿತ್ತು.

ಬಾರಿನ ಹಿಂದೆ ನಿಂತ ಹುಡುಗ

ಶೆಫೀಲ್ಡಿನ ಇನ್ನೊಂದು ಜಾಗದ ಹೆಸರು ಬೋರ್ಡ್‌ವಾಕ್. ಹಿಂದೆ ಅದು ಬ್ಲ್ಯಾಕ್ ಸ್ವಾನ್ ಎಂಬ ಪಬ್ಬಾಗಿತ್ತು. 1976ರ ಜುಲೈ 4ರಂದು ದ ಕ್ಲ್ಯಾಶ್ ಬ್ಯಾಂಡ್ ತನ್ನ ಮೊದಲ ಕಾರ್ಯಕ್ರಮ ಕೊಟ್ಟದ್ದು ಅಲ್ಲೇ. ಟರ್ನರ್ ಇಲ್ಲಿ ಬಾರಿನ ಹಿಂದೆ ನಿಂತು ಬಿಯರ್ ಸುರಿಯುವ ಕೆಲಸ ಮಾಡುತ್ತಿದ್ದ.

ಒಂದು ರಾತ್ರಿ ಅಲ್ಲಿಗೆ ಬಂದವರು ಸ್ಯಾಲ್‌ಫರ್ಡ್‌ನ ಕವಿ ಜಾನ್ ಕೂಪರ್ ಕ್ಲಾರ್ಕ್. ಕೆದರಿದ ಕೂದಲು, ಕಪ್ಪು ಕನ್ನಡಕ, ಮೆಷಿನ್‌ಗನ್ನಿನಂತೆ ಸಿಡಿಯುವ ಪ್ರಾಸ, ದಟ್ಟವಾದ ಉತ್ತರ ಇಂಗ್ಲೆಂಡಿನ ಉಚ್ಚಾರ. ಲೋಟ ತುಂಬಿಸುತ್ತಿದ್ದ ಹುಡುಗ ಅದನ್ನು ನೋಡಿ ದಂಗಾದ. ರಾಕ್ ಹಾಡುಗಾರರು ಅಮೆರಿಕದ ಉಚ್ಚಾರ ಅನುಕರಿಸುವುದು ಮಾಮೂಲಾಗಿದ್ದ ಕಾಲದಲ್ಲಿ ಟರ್ನರ್ ಶೆಫೀಲ್ಡಿನ ಆಡುಮಾತಿನಲ್ಲೇ ಬರೆದ: ಟ್ಯಾಕ್ಸಿಗೆ ಕಾಯುವವರು, ಕ್ಲಬ್ಬಿನ ಬಾಗಿಲಲ್ಲಿ ಒಳಗೆ ಬಿಡದ ಕಾವಲುಗಾರರು, ಪೊಲೀಸ್ ವ್ಯಾನು, ಮುನಿಸಿಕೊಂಡ ಹುಡುಗಿ. 2013ರಲ್ಲಿ ಅದೇ ಕ್ಲಾರ್ಕ್ ಅವರ ಕವಿತೆಯೊಂದಕ್ಕೆ ರಾಗ ಹಾಕಿ ‘ಎಎಂ’ ಆಲ್ಬಂನ ಕೊನೆಯ ಹಾಡಾಗಿ ಸೇರಿಸಿದ. ಇಂದು ಸ್ಪಾಟಿಫೈನಲ್ಲಿ 200 ಕೋಟಿಗೂ ಹೆಚ್ಚು ಬಾರಿ ಕೇಳಲ್ಪಟ್ಟಿರುವ, ರೀಲ್ಸ್‌ನಲ್ಲಿ ಹರಿದಾಡುವ ಆ ನಿಧಾನಗತಿಯ ಹಾಡು ಇದೇ.

ಸಣ್ಣ ಸಭಾಂಗಣ ಪ್ರತಿಭೆಯನ್ನು ‘ಪತ್ತೆ’ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಅದು ಪಾಠಶಾಲೆಯೂ ಹೌದು, ಪಾರ್ಟ್‌ಟೈಮ್ ಸಂಬಳ ಕೊಡುವ ಜಾಗವೂ ಹೌದು, ತನಗಿಂತ ಸುಮಾರು ನಲವತ್ತು ವರ್ಷ ದೊಡ್ಡವನಾದ ಕವಿಯನ್ನು ಹತ್ತು ಅಡಿ ದೂರದಿಂದ ನೋಡಲು ಸಿಗುವ ಜಾಗವೂ ಹೌದು. ಬೋರ್ಡ್‌ವಾಕ್ 2010ರಲ್ಲಿ ಮುಚ್ಚಿತು.

ಮೈಸ್ಪೇಸ್ ಕಥೆ ಎಷ್ಟು ನಿಜ?

‘ಇಂಟರ್ನೆಟ್ ಹುಟ್ಟಿಸಿದ ಮೊದಲ ಬ್ಯಾಂಡ್’ ಎಂಬ ಮಾತು ಆರ್ಕ್ಟಿಕ್ ಮಂಕೀಸ್‌ಗೆ ಇಪ್ಪತ್ತು ವರ್ಷಗಳಿಂದ ಅಂಟಿಕೊಂಡಿದೆ. ಈಗಿನ ಚರ್ಚೆಯಲ್ಲೂ ಇದು ಬರುತ್ತದೆ: ‘ಅವರನ್ನು ಬೆಳೆಸಿದ್ದು ಮೈಸ್ಪೇಸ್, ಈಗಿನವರನ್ನು ಟಿಕ್‌ಟಾಕ್ ಬೆಳೆಸುತ್ತದೆ, ಪಬ್ಬು, ಸಭಾಂಗಣ ಯಾಕೆ ಬೇಕು?’ ಮೈಸ್ಪೇಸ್ ಆ ಕಾಲದ ಸಾಮಾಜಿಕ ಜಾಲತಾಣ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಡೆದದ್ದು ಹೀಗೆ. ಹುಡುಗರು ಶೆಫೀಲ್ಡಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಅಲನ್ ಸ್ಮಿತ್ ಎಂಬ ನಿರ್ಮಾಪಕರ ಜೊತೆ ಡೆಮೊ (ಮಾದರಿ) ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಅವನ್ನು ಸಿಡಿಗೆ ಇಳಿಸಿ ಗಿಗ್‌ಗೆ ಬಂದವರ ಕೈಗೆ ಪುಕ್ಕಟೆ ಕೊಟ್ಟರು. ಪ್ರತಿಗಳು ಕೆಲವೇ ಇದ್ದುದರಿಂದ ಸಿಕ್ಕವರು ಸಿಗದವರಿಗಾಗಿ ಹಾಡುಗಳನ್ನು ಇಂಟರ್ನೆಟ್ಟಿಗೆ ಹಾಕಿದರು. ಆ ಸಂಗ್ರಹಕ್ಕೆ ಅಭಿಮಾನಿಗಳೇ ‘ಬಿನೀತ್ ದ ಬೋರ್ಡ್‌ವಾಕ್’ ಎಂದು ಹೆಸರಿಟ್ಟರು. ಬ್ಯಾಂಡಿನ ಮೈಸ್ಪೇಸ್ ಪುಟವನ್ನು ತೆರೆದದ್ದೂ ಅಭಿಮಾನಿಗಳೇ. ತಮಗೆ ಮೈಸ್ಪೇಸ್ ಅಂದರೇನೆಂದೇ ಗೊತ್ತಿರಲಿಲ್ಲ ಎಂದು ಬ್ಯಾಂಡಿನವರು ಆಗ ಹೇಳಿಕೊಂಡಿದ್ದರು.

ಅಂದರೆ ಕಾರಣ ಕಾರ್ಯದ ಸರಪಳಿಯಲ್ಲಿ ಮೊದಲ ಕೊಂಡಿ ಸಭಾಂಗಣ, ಎರಡನೆಯದು ಕೈಗೆ ಸಿಕ್ಕ ಸಿಡಿ, ಇಂಟರ್ನೆಟ್ ಮೂರನೆಯದು. ಹಾಡನ್ನು ಮನೆಯಲ್ಲಿ ಕೇಳಿದವರು ಮುಂದಿನ ಗಿಗ್‌ಗೆ ಬರುವ ಹೊತ್ತಿಗೆ ಪ್ರತಿ ಸಾಲೂ ಬಾಯಿಪಾಠವಾಗಿರುತ್ತಿತ್ತು. ಒಂದು ಹಾಡೂ ಮಾರುಕಟ್ಟೆಗೆ ಬಾರದ ಬ್ಯಾಂಡಿನ ಜೊತೆ ಇಡೀ ಕೋಣೆ ದನಿಗೂಡಿಸಿ ಹಾಡುವುದನ್ನು ನೋಡಿದ ರೆಕಾರ್ಡ್ ಕಂಪನಿಯವರು ಬೆಚ್ಚಿದರು. ಊರಲ್ಲಿ ನುಡಿಸಲು ಜಾಗವೇ ಇಲ್ಲದಿದ್ದರೆ ಆ ಸಿಡಿಗಳನ್ನು ಯಾರಿಗೆ ಹಂಚುತ್ತಿದ್ದರು?

ಮುಂದಿನದೆಲ್ಲ ವೇಗವಾಗಿ ನಡೆಯಿತು. 2005ರ ಜೂನ್‌ನಲ್ಲಿ ಡಾಮಿನೊ ಎಂಬ ರೆಕಾರ್ಡ್ ಕಂಪನಿ ಜೊತೆ ಒಪ್ಪಂದ, ಅಕ್ಟೋಬರ್‌ನಲ್ಲಿ ಲಂಡನ್ನಿನ ಅಸ್ಟೋರಿಯಾ ಸಭಾಂಗಣ ಭರ್ತಿ, ಅದೇ ತಿಂಗಳು ಮೊದಲ ಸಿಂಗಲ್ (ಬಿಡಿ ಹಾಡು) ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ನೇರವಾಗಿ ನಂಬರ್ 1. 2006ರ ಜನವರಿ 23ರಂದು ಬಂದ ಮೊದಲ ಆಲ್ಬಂ ಒಂದೇ ವಾರದಲ್ಲಿ 3,63,735 ಪ್ರತಿ ಮಾರಾಟವಾಯಿತು. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಯಾವ ಚೊಚ್ಚಲ ಆಲ್ಬಂ ಕೂಡ ಅಷ್ಟು ಬೇಗ ಮಾರಾಟವಾಗಿರಲಿಲ್ಲ. ವರ್ಷದ ಅತ್ಯುತ್ತಮ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯೂ ಆ ವರ್ಷ ಅದಕ್ಕೇ ಬಂತು. ಪ್ರಶಸ್ತಿ ಪಡೆಯಲು ವೇದಿಕೆ ಹತ್ತಿದ ಟರ್ನರ್ ಮೊದಲು ಹೇಳಿದ್ದು, ‘ಯಾರಾದರೂ 999ಕ್ಕೆ ಫೋನ್ ಮಾಡಿ, ರಿಚರ್ಡ್ ಹಾಲಿಯನ್ನು ದೋಚಿದ್ದಾರೆ’ ಎಂದು. (999 ಬ್ರಿಟನ್ನಿನಲ್ಲಿ ಪೊಲೀಸರನ್ನು ಕರೆಯುವ ತುರ್ತು ಸಂಖ್ಯೆ.) ಸ್ಪರ್ಧೆಯಲ್ಲಿದ್ದ ಹಾಲಿ ಕೂಡ ಶೆಫೀಲ್ಡಿನವರೇ, ಇವರಿಗಿಂತ ಹಿರಿಯ ಹಾಡುಗಾರ.

ಇಳಿದ ಅಂಕಿ, ಕಾದ ಕಂಪನಿ

‘ಇಂಡಿ’ ಎಂಬ ಪದವನ್ನು ಈಗ ಒಂದು ಬಗೆಯ ಗಿಟಾರ್ ಸಂಗೀತಕ್ಕೆ ಬಳಸುತ್ತಾರೆ. ಮೂಲದಲ್ಲಿ ಅದು ವ್ಯವಹಾರದ ಮಾತು, ದೊಡ್ಡ ಕಾರ್ಪೊರೇಟ್ ಕಂಪನಿಗಳ ಹಿಡಿತದಲ್ಲಿಲ್ಲದ ಸ್ವತಂತ್ರ ಲೇಬಲ್ (ರೆಕಾರ್ಡ್ ಕಂಪನಿ) ಎಂದರ್ಥ. ಡಾಮಿನೊ ಅಂಥದ್ದು. 1993ರಲ್ಲಿ ಲಾರೆನ್ಸ್ ಬೆಲ್ ಮತ್ತು ಜ್ಯಾಕಿ ರೈಸ್ ಲಂಡನ್ನಿನ ಒಂದು ಫ್ಲ್ಯಾಟಿನಿಂದ ಶುರು ಮಾಡಿದ ಕಂಪನಿ. ದೊಡ್ಡ ಕಂಪನಿಗಳು ಬಾಗಿಲಲ್ಲಿ ಕಾಯುತ್ತಿದ್ದಾಗ ಹುಡುಗರು ಇದನ್ನು ಆರಿಸಿಕೊಂಡರು. ಆ ಆಯ್ಕೆಯ ಫಲ ಗೊತ್ತಾಗಲು ಎಂಟು ವರ್ಷ ಹಿಡಿಯಿತು.

ಆಲ್ಬಂಗಳ ಮೊದಲ ವಾರದ ಮಾರಾಟ ನೋಡಿ. ಮೊದಲನೆಯದು 3.63 ಲಕ್ಷ. 2007ರ ಎರಡನೆಯದು ಸುಮಾರು 2.28 ಲಕ್ಷ. 2009ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಗೆ ಹೋಗಿ ಅಮೆರಿಕದ ರಾಕ್ ಸಂಗೀತಗಾರ ಜಾಶ್ ಹೋಮ್ ಜೊತೆ ಮಾಡಿದ ‘ಹಂಬಗ್’ ಸುಮಾರು 96 ಸಾವಿರ. 2011ರ ನಾಲ್ಕನೆಯದು ಸುಮಾರು 82 ಸಾವಿರ, ಅಂದರೆ ಚೊಚ್ಚಲ ಆಲ್ಬಂನ ಕಾಲುಭಾಗಕ್ಕೂ ಕಡಿಮೆ. ಇಡೀ ಉದ್ಯಮದ ಸಿಡಿ ಮಾರಾಟವೇ ಆಗ ಕುಸಿಯುತ್ತಿತ್ತು, ನಿಜ. ಆದರೂ ‘ಹಂಬಗ್’ ಬಂದಾಗ ಅನೇಕ ಅಭಿಮಾನಿಗಳು ಮುಖ ಸಿಂಡರಿಸಿದ್ದೂ ನಿಜ. ಹಾಡು ನಿಧಾನವಾಗಿತ್ತು, ಕತ್ತಲಾಗಿತ್ತು, ಕುಣಿಯಲು ಬರುತ್ತಿರಲಿಲ್ಲ. ಲೆಕ್ಕ ನೋಡುವ ಕಂಪನಿಯಾಗಿದ್ದರೆ ‘ಮೊದಲಿನಂಥದ್ದೇ ಇನ್ನೊಂದು ಮಾಡಿ’ ಎಂದು ಕೈ ತಿರುಚುವ ಘಟ್ಟ ಅದು.

ಡಾಮಿನೊ ಹಾಗೆ ಮಾಡಲಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಐದನೆಯ ಆಲ್ಬಂ ‘ಎಎಂ’ ಬಂತು. ಮರುಭೂಮಿಯಲ್ಲಿ ಕಲಿತ ಭಾರವಾದ ಗಿಟಾರ್ ನಾದ, ಅದರ ಕೆಳಗೆ ಹಿಪ್‌ಹಾಪ್‌ನ ತಾಳ, ಮೇಲೆ ಹೆಣ್ಣಿನಷ್ಟು ಎತ್ತರದ ಸ್ವರದಲ್ಲಿ ಹೆಲ್ಡರ್ಸ್ ಮತ್ತು ಒಮ್ಯಾಲಿಯ ಹಿನ್ನೆಲೆ ಗಾಯನ. (2006ರಲ್ಲಿ ನಿಕೋಲ್ಸನ್ ಹೊರನಡೆದ ಮೇಲೆ ಬಾಸ್ ಹಿಡಿದವನು ನಿಕ್ ಒಮ್ಯಾಲಿ.) ಮೊದಲ ವಾರವೇ ಒಂದೂವರೆ ಲಕ್ಷ ದಾಟಿತು. ಅಮೆರಿಕ ಕೊನೆಗೂ ತಿರುಗಿ ನೋಡಿತು. ಹತ್ತು ವರ್ಷ ಕಳೆದ ಮೇಲೂ ಆ ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿ ಬಿಟ್ಟು ಇಳಿದಿರಲಿಲ್ಲ. ‘ಹಂಬಗ್’ ಮಾಡಲು ಬಿಡದಿದ್ದರೆ ‘ಎಎಂ’ ಹುಟ್ಟುತ್ತಿರಲಿಲ್ಲ.

ಅದಾದ ಮೇಲೂ ಬ್ಯಾಂಡ್ ಗೆದ್ದ ದಾರಿಯಲ್ಲೇ ಮುಂದುವರಿಯಲಿಲ್ಲ. 2018ರ ಆಲ್ಬಂನಲ್ಲಿ ಗಿಟಾರ್ ಬದಿಗಿಟ್ಟು ಪಿಯಾನೊ ಮುಂದೆ ಕುಳಿತ ಟರ್ನರ್ ಚಂದ್ರನ ಮೇಲಿನ ಒಂದು ಹೋಟೆಲಿನ ಕುರಿತು ಹಾಡಿದ. 2022ರ ‘ದ ಕಾರ್’ ತಂತಿವಾದ್ಯಗಳಿಂದ ತುಂಬಿತ್ತು. ಅಲ್ಲಿಯವರೆಗಿನ ಆರೂ ಆಲ್ಬಂಗಳು ನಂಬರ್ 1 ಆಗಿದ್ದವು, ಇದೊಂದು ಟೇಲರ್ ಸ್ವಿಫ್ಟ್ ಎದುರು ಎರಡನೇ ಸ್ಥಾನಕ್ಕೆ ನಿಂತಿತು. ಮರುವರ್ಷ ಲಂಡನ್ನಿನ ಎಮಿರೇಟ್ಸ್ ಕ್ರೀಡಾಂಗಣದಲ್ಲಿ ಸತತ ಮೂರು ರಾತ್ರಿ ಕಾರ್ಯಕ್ರಮ ಕೊಟ್ಟರು.

ಲೆಡ್‌ಮಿಲ್ ತಕರಾರಿನ ಒಳಗೆ

ಈಗ ಸುದ್ದಿಗೆ ಮರಳೋಣ. ಲೆಡ್‌ಮಿಲ್ ‘ಮುಚ್ಚಿತು’ ಎಂದು ಒಂದು ಕಡೆಯವರು ಹೇಳುತ್ತಾರೆ, ‘ಸಂಗೀತ ಮುಂದುವರಿಯುತ್ತದೆ’ ಎಂದು ಇನ್ನೊಂದು ಕಡೆಯವರು. ಇಬ್ಬರ ಮಾತಿನಲ್ಲೂ ಹುರುಳಿದೆ, ಗೊಂದಲ ಅಲ್ಲಿಂದಲೇ ಹುಟ್ಟಿದ್ದು.

ಲೆಡ್‌ಮಿಲ್ ನಡೆಸುತ್ತಿದ್ದವರು ಬಾಡಿಗೆದಾರರು. 2017ರಲ್ಲಿ ಕಟ್ಟಡದ ಒಡೆತನ ಎಲೆಕ್ಟ್ರಿಕ್ ಗ್ರೂಪ್ ಪಾಲಾಯಿತು. ಲಂಡನ್, ಬ್ರಿಸ್ಟಲ್, ನ್ಯೂಕ್ಯಾಸಲ್‌ಗಳಲ್ಲಿ ಸಂಗೀತ ಸಭಾಂಗಣ ನಡೆಸುವವರು ಇವರು. 2022ರ ಮಾರ್ಚ್‌ನಲ್ಲಿ ಬಾಡಿಗೆದಾರರಿಗೆ ಜಾಗ ಬಿಡುವಂತೆ ನೋಟಿಸ್ ಹೋಯಿತು. ಇಂಗ್ಲೆಂಡಿನಲ್ಲಿ 1954ರ ಬಾಡಿಗೆ ಕಾಯ್ದೆಯ ಪ್ರಕಾರ ಅಂಗಡಿ, ವ್ಯಾಪಾರದ ಬಾಡಿಗೆದಾರರಿಗೆ ಗುತ್ತಿಗೆ ನವೀಕರಿಸಿಕೊಳ್ಳುವ ಹಕ್ಕಿದೆ. ಆದರೆ ‘ಇಲ್ಲಿ ನಾನೇ ವ್ಯಾಪಾರ ಮಾಡುತ್ತೇನೆ’ ಎಂದು ಮಾಲೀಕ ಹೇಳಿದರೆ ಆ ಹಕ್ಕು ಬೀಳುತ್ತದೆ. ಹಾಗೆ ಹೇಳಬೇಕಾದರೆ ಕಟ್ಟಡ ಅವನ ಕೈಯಲ್ಲಿ ಕನಿಷ್ಠ ಐದು ವರ್ಷ ಇದ್ದಿರಬೇಕು. 2017ಕ್ಕೆ ಐದು ಕೂಡಿಸಿದರೆ 2022. 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಮಾಲೀಕರ ಪರವಾಗಿ ತೀರ್ಪು ಕೊಟ್ಟಿತು.

ಮಾಲೀಕರ ವಾದ ಸರಳ: ನಾವೇನೂ ಫ್ಲ್ಯಾಟ್ ಕಟ್ಟುತ್ತಿಲ್ಲ, ದುರಸ್ತಿ ಮಾಡಿ ಅಲ್ಲೇ ಸಂಗೀತ ನಡೆಸುತ್ತೇವೆ, ಕಟ್ಟಡ ನಮ್ಮದು. ಬಾಡಿಗೆದಾರರ ವಾದ: ಹೆಸರು, ನಂಬಿಕೆ, ನಾಲ್ಕು ದಶಕದ ಬೆವರು ನಮ್ಮದು, ಗೋಡೆ ಮಾತ್ರ ನಿಮ್ಮದು. ಕಾನೂನು ಗೋಡೆಯನ್ನು ನೋಡುತ್ತದೆ, ಬೆವರನ್ನು ನೋಡುವ ಕಲಮು ಅದರಲ್ಲಿಲ್ಲ. ಕೊನೆಯ ರಾತ್ರಿ ವೇದಿಕೆಯಲ್ಲಿದ್ದವರು ಮೈಲ್ಸ್ ಕೇನ್, ಟರ್ನರ್ ಜೊತೆ ದ ಲಾಸ್ಟ್ ಶ್ಯಾಡೋ ಪಪೆಟ್ಸ್ ಎಂಬ ಬ್ಯಾಂಡ್ ಕಟ್ಟಿದ ಗೆಳೆಯ.

ಈ ಪ್ರಕರಣದಲ್ಲಿ ಸಂಗೀತ ಉಳಿಯಬಹುದು. ಆದರೆ ಇದು ತೋರಿಸಿದ ದೌರ್ಬಲ್ಯ ದೊಡ್ಡದು. ಬ್ರಿಟನ್ನಿನ ಸಣ್ಣ ಸಂಗೀತ ಸಭಾಂಗಣಗಳ ಪರ ಕೆಲಸ ಮಾಡುವ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಹೇಳುವಂತೆ ಇಂಥ ಜಾಗಗಳಲ್ಲಿ 93 ಶೇಕಡ ಬಾಡಿಗೆಯವು. ನಗರ ಬೆಳೆದಂತೆ ಭೂಮಿಯ ಬೆಲೆ ಏರುತ್ತದೆ, ಬಿಯರ್ ಮಾರಿ ಆ ಬೆಲೆಗೆ ಬಾಡಿಗೆ ಕೊಡಲಾಗುವುದಿಲ್ಲ. ಲಂಡನ್ನಿನ ಅಸ್ಟೋರಿಯಾವನ್ನು 2009ರಲ್ಲಿ ರೈಲು ಯೋಜನೆಗಾಗಿ ಕೆಡವಿದರು. ಆರ್ಕ್ಟಿಕ್ ಮಂಕೀಸ್ ಹತ್ತಿದ ಮೆಟ್ಟಿಲುಗಳಲ್ಲಿ ಬೋರ್ಡ್‌ವಾಕ್ ಇಲ್ಲ, ಅಸ್ಟೋರಿಯಾ ಇಲ್ಲ, ಲೆಡ್‌ಮಿಲ್ ಹಳೆಯವರ ಕೈಯಲ್ಲಿಲ್ಲ.

ಸಭಾಂಗಣ ತುಂಬಿದೆ, ಗಲ್ಲಾಪೆಟ್ಟಿಗೆ ಖಾಲಿ

ಜನ ಬಂದರೂ ನಷ್ಟ ಹೇಗೆ? ಸಣ್ಣ ಸಭಾಂಗಣದ ಲೆಕ್ಕ ತಿಳಿಯದೆ ಇದು ಅರ್ಥವಾಗುವುದಿಲ್ಲ. 12 ಪೌಂಡಿನ ಟಿಕೆಟ್ ಒಂದನ್ನು ತೆಗೆದುಕೊಳ್ಳಿ. ಅದರಲ್ಲಿ 2 ಪೌಂಡ್ ಮೌಲ್ಯವರ್ಧಿತ ತೆರಿಗೆಗೆ ಹೋಗುತ್ತದೆ, ಬ್ರಿಟನ್ನಿನಲ್ಲಿ ಅದರ ದರ 20 ಶೇಕಡ. ಉಳಿದ 10 ಪೌಂಡಿನಲ್ಲಿ ಬ್ಯಾಂಡಿನ ಸಂಭಾವನೆ, ಸೌಂಡ್ ಎಂಜಿನಿಯರ್, ಬಾಗಿಲ ಕಾವಲು, ವಿದ್ಯುತ್, ಬಾಡಿಗೆ. ಇಷ್ಟು ಕಳೆದರೆ ಟಿಕೆಟ್‌ನಲ್ಲಿ ಏನೂ ಉಳಿಯುವುದಿಲ್ಲ. ಸಭಾಂಗಣ ಉಸಿರಾಡುವುದು ಬಾರಿನಿಂದ.

ಈಗಿನ ಯುವಜನ ಹಿಂದಿನವರಷ್ಟು ಕುಡಿಯುವುದಿಲ್ಲ. ಆರೋಗ್ಯಕ್ಕೆ ಒಳ್ಳೆಯದೇ, ಗಲ್ಲಾಪೆಟ್ಟಿಗೆಗೆ ಅಲ್ಲ. ಇದರ ಪೆಟ್ಟು ಹೆಚ್ಚು ಬೀಳುವುದು ಹದಿಹರೆಯದ ಬ್ಯಾಂಡುಗಳಿಗೆ. 17ರ ಹುಡುಗರ ಗಿಗ್‌ಗೆ ಬರುವವರು 17ರ ಗೆಳೆಯರು, ಅವರಿಗೆ ಕಾನೂನು ಪ್ರಕಾರ ಬಿಯರ್ ಮಾರುವಂತಿಲ್ಲ. ಅದೇ ಸಂಜೆ ಎಂಬತ್ತರ ದಶಕದ ಹಾಡುಗಳನ್ನು ನುಡಿಸುವ ಅನುಕರಣೆ ಬ್ಯಾಂಡ್ ಕರೆಸಿದರೆ ಐವತ್ತರ ವಯಸ್ಸಿನವರು ಬಂದು ನಾಲ್ಕು ಸುತ್ತು ಕುಡಿಯುತ್ತಾರೆ. ಮಾಲೀಕ ಯಾರನ್ನು ಆರಿಸುತ್ತಾನೆ?

ಮೇಲಿಂದ ಸರ್ಕಾರದ ಹೊರೆಯೂ ಸೇರಿತು. 2025ರ ಏಪ್ರಿಲ್‌ನಿಂದ ಕಟ್ಟಡ ತೆರಿಗೆಯ ರಿಯಾಯಿತಿ 75 ಶೇಕಡದಿಂದ 40ಕ್ಕೆ ಇಳಿಯಿತು, ನೌಕರರ ಪರವಾಗಿ ಮಾಲೀಕರು ಕಟ್ಟುವ ರಾಷ್ಟ್ರೀಯ ವಿಮೆ 15 ಶೇಕಡಕ್ಕೆ ಏರಿತು. ಟ್ರಸ್ಟ್‌ನ ಲೆಕ್ಕದ ಪ್ರಕಾರ 2024ರಲ್ಲಿ 43.8 ಶೇಕಡ ಸಣ್ಣ ಸಭಾಂಗಣಗಳು ನಷ್ಟದಲ್ಲಿದ್ದವು, ಇಡೀ ವಲಯದ ಸರಾಸರಿ ಲಾಭ 0.48 ಶೇಕಡ. ಸಂಗೀತ ಕಾರ್ಯಕ್ರಮಗಳಿಂದಾದ 16.2 ಕೋಟಿ ಪೌಂಡ್ ನಷ್ಟವನ್ನು ಬಾರು, ಊಟ, ಡಿಸ್ಕೊ ರಾತ್ರಿಗಳ ಗಳಿಕೆಯಿಂದ ತುಂಬಿಕೊಂಡರು.

ಬ್ಯಾಂಡುಗಳ ಕಡೆಯಿಂದ ನೋಡಿದರೂ ಇದೇ ಕಥೆ. 1994ರಲ್ಲಿ ಸಣ್ಣ ಬ್ಯಾಂಡೊಂದರ ಪ್ರವಾಸದಲ್ಲಿ ಸರಾಸರಿ 22 ಊರಿನ ಕಾರ್ಯಕ್ರಮ ಇರುತ್ತಿತ್ತು, 2024ಕ್ಕೆ ಅದು 11. ವ್ಯಾನಿನ ಬಾಡಿಗೆ, ಡೀಸೆಲ್, ಒಂದು ರಾತ್ರಿಯ ವಸತಿ ಸೇರಿಸಿದರೆ ದೂರದ ಊರಿಗೆ ಹೋದಷ್ಟೂ ಕೈಯಿಂದಲೇ ಖರ್ಚು. ಬ್ರೆಕ್ಸಿಟ್ ನಂತರ ಯುರೋಪಿಗೆ ಹೋಗಬೇಕಾದರೆ ಸಾಮಾನು ಸರಂಜಾಮಿಗೆ ಕಸ್ಟಮ್ಸ್ ಕಾಗದಪತ್ರ, 180 ದಿನಕ್ಕೆ 90 ದಿನದ ಮಿತಿ, ಕೆಲವು ದೇಶಗಳಲ್ಲಿ ಕೆಲಸದ ಪರವಾನಗಿ. ಕ್ರೀಡಾಂಗಣ ತುಂಬಿಸುವವರಿಗೆ ಇದು ವಕೀಲರ ಕೆಲಸ, ವ್ಯಾನಿನಲ್ಲಿ ಹೋಗುವವರಿಗೆ ಇದು ಗೋಡೆ.

ಒಂದು ಪೌಂಡಿನ ಜಗಳ

2024ರ ಮೇ ತಿಂಗಳಲ್ಲಿ ಬ್ರಿಟನ್ ಸಂಸತ್ತಿನ ಸಂಸ್ಕೃತಿ, ಮಾಧ್ಯಮ ಮತ್ತು ಕ್ರೀಡಾ ಸಮಿತಿ ಒಂದು ಶಿಫಾರಸು ಮಾಡಿತು. ಅರೀನಾ, ಕ್ರೀಡಾಂಗಣಗಳ ಟಿಕೆಟ್‌ನಿಂದ ಒಂದು ಪಾಲನ್ನು ಉದ್ಯಮ ಸ್ವಇಚ್ಛೆಯಿಂದ ಕೆಳಗಿನ ಹಂತಕ್ಕೆ ಕೊಡಲಿ, ಕೊಡದಿದ್ದರೆ ಕಾನೂನು ತರಬೇಕು. ನವೆಂಬರ್‌ನಲ್ಲಿ ಸರ್ಕಾರ ಇದಕ್ಕೆ ಒಪ್ಪಿಗೆ ಸೂಚಿಸಿತು. 5,000ಕ್ಕಿಂತ ಹೆಚ್ಚು ಜನ ಹಿಡಿಸುವ ಜಾಗಗಳ ಪ್ರತಿ ಟಿಕೆಟ್‌ಗೆ 1 ಪೌಂಡ್ ಎಂಬುದು ಚರ್ಚೆಯಲ್ಲಿ ಗಟ್ಟಿಯಾದ ಅಂಕಿ.

ಪರವಾಗಿ ಮಾತನಾಡುವವರು ಫುಟ್‌ಬಾಲ್ ಉದಾಹರಣೆ ಕೊಡುತ್ತಾರೆ. ಪ್ರೀಮಿಯರ್ ಲೀಗ್ ತನ್ನ ಟಿವಿ ಹಣದ ಒಂದು ಭಾಗವನ್ನು ಕೆಳಗಿನ ಲೀಗ್‌ಗಳಿಗೆ ಕೊಡುತ್ತದೆ, ಏಕೆಂದರೆ ನಾಳಿನ ಆಟಗಾರ ಬರುವುದು ಅಲ್ಲಿಂದ. ಫ್ರಾನ್ಸ್‌ನಲ್ಲಿ ಸಂಗೀತ ಟಿಕೆಟ್‌ಗಳ ಮೇಲೆ 3.5 ಶೇಕಡ ಕರ ಹಾಕಿ ರಾಷ್ಟ್ರೀಯ ಸಂಗೀತ ಕೇಂದ್ರದ ಮೂಲಕ ಮರಳಿ ಹಂಚುವ ಪದ್ಧತಿ ನಡೆಯುತ್ತಲೇ ಇದೆ. ಕೆಲವು ಕಲಾವಿದರು ಸರ್ಕಾರಕ್ಕೆ ಕಾಯದೆ ಮುಂದೆ ಬಂದರು. ಗಾಯಕ ಸ್ಯಾಮ್ ಫೆಂಡರ್ 2024ರ ಡಿಸೆಂಬರ್ ಪ್ರವಾಸದ ಟಿಕೆಟ್‌ಗಳಿಂದ ಸುಮಾರು 1 ಲಕ್ಷ ಪೌಂಡ್ ಕೂಡಿಸಿಕೊಟ್ಟರು. ಕೋಲ್ಡ್‌ಪ್ಲೇ 2025ರ ವೆಂಬ್ಲಿ ಮತ್ತು ಹಲ್ ಕಾರ್ಯಕ್ರಮಗಳ ತಮ್ಮ ಗಳಿಕೆಯಲ್ಲಿ 10 ಶೇಕಡ ಬಿಟ್ಟುಕೊಟ್ಟಿತು. 2018ರಲ್ಲಿ ಆರ್ಕ್ಟಿಕ್ ಮಂಕೀಸ್ ಯುದ್ಧಪೀಡಿತ ಮಕ್ಕಳಿಗೆ ನೆರವಾಗುವ ವಾರ್ ಚೈಲ್ಡ್ ಸಂಸ್ಥೆಗಾಗಿ ಹಾಡಿದ್ದ ರಾಯಲ್ ಆಲ್ಬರ್ಟ್ ಹಾಲ್ ಕೂಡ 2025ರಲ್ಲಿ ಈ 1 ಪೌಂಡ್ ಯೋಜನೆಗೆ ಸೇರುವುದಾಗಿ ಹೇಳಿತು.

ವಿರೋಧದ ಮಾತುಗಳೂ ತಳ್ಳಿಹಾಕುವಂಥವಲ್ಲ. ಟಿಕೆಟ್ ಬೆಲೆ ಈಗಾಗಲೇ ಆಕಾಶದಲ್ಲಿದೆ, ಕೊನೆಗೆ ಆ ಪೌಂಡ್ ಕೊಡುವವನು ಅಭಿಮಾನಿಯೇ ಎನ್ನುವುದು ಒಂದು. ದೊಡ್ಡ ಪ್ರವಾಸಗಳನ್ನು ವರ್ಷ ಮೊದಲೇ ಬುಕ್ ಮಾಡಿರುತ್ತಾರೆ, ನಡುವೆ ನಿಯಮ ಬದಲಿಸಲಾಗದು ಎನ್ನುವುದು ಇನ್ನೊಂದು. ಮೂರನೆಯದು ಸ್ವಲ್ಪ ಚುಚ್ಚುವ ಪ್ರಶ್ನೆ: 60 ಪೌಂಡಿನ ಟಿಕೆಟ್‌ನಲ್ಲಿ 10 ಪೌಂಡ್ ತೆರಿಗೆ ಕಿತ್ತುಕೊಳ್ಳುವ ಸರ್ಕಾರ, ತನ್ನ ಹತ್ತರಲ್ಲಿ ಒಂದನ್ನು ಬಿಡದೆ ಬೇರೆಯವರ ಜೇಬಿಗೆ ಕೈ ಹಾಕುವುದೇಕೆ? ಈ ಪ್ರಶ್ನೆಗೆ ಸರ್ಕಾರದಿಂದ ಒಳ್ಳೆಯ ಉತ್ತರ ಬಂದಂತಿಲ್ಲ. ಬಾಡಿಗೆ ಸಮಸ್ಯೆ ಬಗೆಹರಿಯದೆ ಹಣ ಸುರಿದರೆ ಅದು ಸಭಾಂಗಣದ ಮೂಲಕ ಕಟ್ಟಡ ಮಾಲೀಕನ ಜೇಬಿಗೆ ಸೋರುವ ಅಪಾಯವೂ ಇದೆ.

ಆ ಕೊನೆಯ ಭಯಕ್ಕೆ ಮದ್ದಾಗಿ ಟ್ರಸ್ಟ್ ಇನ್ನೊಂದು ದಾರಿ ಹಿಡಿದಿದೆ. ಸಾರ್ವಜನಿಕರಿಂದ ಸಣ್ಣ ಷೇರು ಸಂಗ್ರಹಿಸಿ ಕಟ್ಟಡವನ್ನೇ ಕೊಳ್ಳುವುದು, ನಡೆಸುವವರಿಗೆ ಕೈಗೆಟುಕುವ ಬಾಡಿಗೆಗೆ ಬಿಡುವುದು. 2023ರಲ್ಲಿ ಮ್ಯಾಂಚೆಸ್ಟರ್ ಬಳಿಯ ಅಥರ್ಟನ್ ಊರಿನ ‘ದ ಸ್ನಗ್’ ಹೀಗೆ ಕೊಂಡ ಮೊದಲ ಜಾಗ. ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ ನೋಡಿದವರಿಗೆ ಈ ಲೆಕ್ಕ ಹೊಸದೇನಲ್ಲ.

ಗಿಟಾರ್ ಎತ್ತಿದ ಚೀಟಿ

ಕೋವಿಡ್‌ನಲ್ಲಿ ಎಲ್ಲ ಸಭಾಂಗಣಗಳು ಬಾಗಿಲು ಹಾಕಿದ್ದ 2020ರ ಆಗಸ್ಟ್‌ನಲ್ಲಿ ಆರ್ಕ್ಟಿಕ್ ಮಂಕೀಸ್ ಒಂದು ಕೆಲಸ ಮಾಡಿತು. ಆರಂಭದ ವರ್ಷಗಳಲ್ಲಿ ಟರ್ನರ್ ನುಡಿಸುತ್ತಿದ್ದ ಕಪ್ಪು ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರನ್ನು ಲೆಡ್‌ಮಿಲ್ ಮತ್ತು ಇತರ ಸಣ್ಣ ಸಭಾಂಗಣಗಳ ನೆರವಿಗಾಗಿ ಚೀಟಿ ಎತ್ತಲು ಇಟ್ಟರು. ಒಂದು ಚೀಟಿಗೆ ಐದು ಪೌಂಡ್. ಕೂಡಿದ್ದು 1 ಲಕ್ಷ ಪೌಂಡ್‌ಗೂ ಹೆಚ್ಚು.

ಅಭಿಮಾನದ ದೃಷ್ಟಿಯಿಂದ ಇದು ಸುಂದರ ಕಥೆ. ವಿಶ್ಲೇಷಣೆಯ ದೃಷ್ಟಿಯಿಂದ ಮಿತಿ ತೋರಿಸುವ ಕಥೆ. ಐದು ವರ್ಷ ಕಳೆಯುವುದರೊಳಗೆ ಲೆಡ್‌ಮಿಲ್ ಹಳೆಯವರ ಕೈ ತಪ್ಪಿತು, ಅದೂ ಹಣ ಸಾಲದೆ ಅಲ್ಲ, ಬಾಡಿಗೆ ಕಾಯ್ದೆಯ ಒಂದು ಕಲಮಿನಿಂದ. ಒಬ್ಬ ಕಲಾವಿದ ಎಷ್ಟೇ ಕೊಡುಗೈಯಾದರೂ ಅವನಿಗೆ ಒಂದು ವರ್ಷದ ನಷ್ಟ ತುಂಬಲು ಆದೀತು, ಬಾಡಿಗೆ ಕಾನೂನು ತಿದ್ದಲಾಗದು.

ಮುಂದೇನು?

ಸಣ್ಣ ಸಭಾಂಗಣಗಳು ಹೀಗೇ ಸೊರಗಿದರೆ ಮೊದಲ ಪರಿಣಾಮ, ಬ್ಯಾಂಡ್ ಕಟ್ಟುವವರು ಯಾರು ಎಂಬುದು ಬದಲಾಗುತ್ತದೆ. ಟರ್ನರ್ ತಂದೆ ತಾಯಿ ಇಬ್ಬರೂ ಶಾಲಾ ಶಿಕ್ಷಕರು, ಮಗ ವಿಶ್ವವಿದ್ಯಾಲಯವನ್ನು ಒಂದು ವರ್ಷ ಮುಂದೂಡಲು ಒಪ್ಪಿದರು. ಮಧ್ಯಮ ವರ್ಗದ ಮನೆಯೊಂದು ಒಂದು ವರ್ಷದ ಜೂಜು ಆಡಬಹುದು. ಪ್ರವಾಸವೇ ನಷ್ಟದ ಬಾಬ್ತಾಗಿ, ಕಾಲೂರಲು ಐದಾರು ವರ್ಷ ಬೇಕಾದರೆ ಅದನ್ನು ಆಡಬಲ್ಲವರು ಆಸ್ತಿವಂತರ ಮಕ್ಕಳು ಮಾತ್ರ. ಗಿಟಾರ್ ಸಂಗೀತದಲ್ಲಿ ಖಾಸಗಿ ಶಾಲೆಯವರೇ ಹೆಚ್ಚುತ್ತಿದ್ದಾರೆ ಎಂಬ ದೂರು ಬ್ರಿಟನ್ನಿನಲ್ಲಿ ಪದೇ ಪದೇ ಕೇಳಿಬರಲು ಕಾರಣ ಇದೇ.

ಎರಡನೆಯದು, ನಾಲ್ಕು ಜನರ ಬ್ಯಾಂಡ್‌ಗಿಂತ ಲ್ಯಾಪ್‌ಟಾಪ್ ಹಿಡಿದ ಒಬ್ಬಂಟಿ ಕಲಾವಿದನ ಲೆಕ್ಕ ಸಲೀಸು: ಒಂದೇ ರೈಲು ಟಿಕೆಟ್, ಒಂದೇ ಹಾಸಿಗೆ. ಅಲ್ಲಿಂದಲೂ ಒಳ್ಳೆಯ ಸಂಗೀತ ಬರುತ್ತದೆ. ಆದರೆ ಬೇರೆ ವಾದ್ಯ ಉಳಿದಿಲ್ಲವೆಂದು ಡ್ರಮ್ಸ್ ಮುಂದೆ ಕುಳಿತ ಹುಡುಗನಿಗೆ ಆ ವ್ಯವಸ್ಥೆಯಲ್ಲಿ ಜಾಗವಿಲ್ಲ.

ಮೂರನೆಯ ಪರಿಣಾಮ, ದೊಡ್ಡ ವೇದಿಕೆಗೆ ಹೊಸ ಬ್ಯಾಂಡುಗಳೇ ಬಾರದಿರುವುದು, ಕಾಣಿಸಿಕೊಳ್ಳಲು ತಡವಾಗುತ್ತದೆ. ಆರ್ಕ್ಟಿಕ್ ಮಂಕೀಸ್ ಪಬ್ಬಿನ ಮೊದಲ ಗಿಗ್‌ನಿಂದ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆಗೆ ಹೋಗಲು ತೆಗೆದುಕೊಂಡದ್ದು ನಾಲ್ಕೇ ವರ್ಷ, 2003ರ ಜೂನ್‌ನಿಂದ 2007ರ ಜೂನ್. ಅದೇ ಉತ್ಸವದ 2023ರ ಪಟ್ಟಿ ನೋಡಿ. ಮೂರು ರಾತ್ರಿಗಳ ಮುಖ್ಯ ಆಕರ್ಷಣೆ ಇವರೇ, ಎಂಬತ್ತರ ದಶಕದ ಗನ್ಸ್ ಎನ್ ರೋಸಸ್, ಮತ್ತು 76ರ ಎಲ್ಟನ್ ಜಾನ್. ಹದಿನಾರು ವರ್ಷ ಕಳೆದ ಮೇಲೂ ಆ ಮೂವರಲ್ಲಿ ಅತಿ ಕಿರಿಯರು ಹೈ ಗ್ರೀನ್‌ನ ಹುಡುಗರೇ. ಆ ಹೊತ್ತಿಗೆ ಅವರಿಗೆ 37.